ತೂಕದ ಪುಸ್ತಕ, ಸಿರಿಂಜು, ರಾತ್ರಿ ಪಾಳಿ: ಒಂದು ವೃದ್ಧರ ಆರೈಕೆ ಕೇಂದ್ರದ ಪರಿಶೀಲನೆ

ಈ ಪ್ರಕರಣದ ಕುಟುಂಬ, ಕೇಂದ್ರ, ವೈದ್ಯರು ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದೆ. ಔಷಧದ ಪ್ರಮಾಣ, ತೂಕ, ಹೊತ್ತು ಇವುಗಳನ್ನು ಮಾತ್ರ ವಿವರವಾಗಿ ಬರೆದಿದೆ, ಏಕೆಂದರೆ ಕಲಿಯಬೇಕಾದ್ದೆಲ್ಲ ಅವುಗಳಲ್ಲೇ ಇದೆ.

ಹಿನ್ನೆಲೆ

ಹಿರಿಯರಿಗೆ 81 ವರ್ಷ, ನಿವೃತ್ತ ಸರ್ಕಾರಿ ನೌಕರರು. ಎರಡು ವರ್ಷ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಹಳೆಯ ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಸಲ 30/70 ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು), ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಮರೆವಿನ ಕಾಯಿಲೆ ಮಧ್ಯಮ ಹಂತದಲ್ಲಿತ್ತು. ನೀರು, ತಿಳಿಸಾರಿನಂಥ ತೆಳ್ಳಗಿನ ಪದಾರ್ಥ ಕುಡಿದರೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತಿತ್ತು. ಹೆಂಡತಿ ತೀರಿಹೋಗಿದ್ದರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು, ಮಗ ಹೊರದೇಶದಲ್ಲಿ. ಏಜೆನ್ಸಿಯಿಂದ ಮನೆಗೆ ಬರುತ್ತಿದ್ದ ಕೇರ್‌ಟೇಕರ್‌ಗಳು ಹದಿನೈದು ದಿನಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ಬೇಸತ್ತು, ನಗರದ ಅಂಚಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದರು.

ಅದು ಎರಡು ಅಂತಸ್ತಿನ ಬಾಡಿಗೆ ಮನೆ. 30 ಹಾಸಿಗೆ, 28 ಮಂದಿ. ತಿಂಗಳಿಗೆ 42,000 ರೂಪಾಯಿ, 1 ಲಕ್ಷ ಠೇವಣಿ. ಹಜಾರ ಚೊಕ್ಕಟವಾಗಿತ್ತು, ತುಳಸಿಕಟ್ಟೆಯಿತ್ತು, ಸಂಜೆ ಭಜನೆ ನಡೆಯುತ್ತಿತ್ತು. ದಿನವೂ ವಾಟ್ಸಾಪ್‌ನಲ್ಲಿ ಫೋಟೊ ಬರುತ್ತಿತ್ತು. ಸೇರಿಸುವಾಗ ಕುಟುಂಬ ನೋಡಿದ್ದು ಇಷ್ಟನ್ನೇ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದು ಟ್ರಸ್ಟ್‌ನ ನೋಂದಣಿ ಪತ್ರ. ಅದರಿಂದ ಆರೈಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಆಹಾರ ಕೊಡುವ ನಳಿಕೆ), ಕ್ಯಾಥೆಟರ್ (ಮೂತ್ರದ ನಳಿಕೆ) ಇರುವವರನ್ನೂ ಇನ್ಸುಲಿನ್ ಬೇಕಾದವರನ್ನೂ ಇಟ್ಟುಕೊಳ್ಳುವ ಜಾಗದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಮೊದಲ ದಿನವೇ ಕೇಳಬೇಕಿತ್ತು. ಇಲ್ಲ ಎಂಬ ಉತ್ತರ ಬಂದಿದ್ದರೆ, ಇಲ್ಲಿ ಇಂಜೆಕ್ಷನ್ ಕೊಡುವವರು ಯಾರು, ಅವರು ಯಾವ ವೈದ್ಯರ ಹೊಣೆಯಲ್ಲಿದ್ದಾರೆ ಎಂಬ ಪ್ರಶ್ನೆಗಳು ಆಗಲೇ ಏಳುತ್ತಿದ್ದವು.

ಸಮಸ್ಯೆ ಕಾಣಿಸಿಕೊಂಡ ಬಗೆ

ಐದನೇ ತಿಂಗಳಲ್ಲಿ ಮಗಳು ಹಲ್ಲಿನ ತೊಂದರೆಗೆಂದು ತಂದೆಯನ್ನು ಹೊರಗೆ ಕರೆದುಕೊಂಡು ಹೋದಾಗ ಪೈಜಾಮ ಸೊಂಟದಲ್ಲಿ ನಿಲ್ಲಲಿಲ್ಲ. ಕ್ಲಿನಿಕ್‌ನಲ್ಲಿ ತೂಗಿದರೆ 55.4 ಕೆ.ಜಿ. ಸೇರುವಾಗ 61 ಇತ್ತು. ಐದು ತಿಂಗಳಲ್ಲಿ ಶೇ. 9ರಷ್ಟು ಇಳಿದಿತ್ತು. ತಿಂಗಳಲ್ಲಿ ಶೇ. 5 ಅಥವಾ ಆರು ತಿಂಗಳಲ್ಲಿ ಶೇ. 10 ಇಳಿದರೆ ವಯಸ್ಸಾದವರಲ್ಲಿ ಅದನ್ನು ಗಂಭೀರವೆಂದೇ ಎಣಿಸಬೇಕು. ಕೇಂದ್ರದ ತೂಕದ ಪುಸ್ತಕದಲ್ಲಿ ಮಾತ್ರ 61, 60, 60, 61, 60 ಎಂದಿತ್ತು. ಅರ್ಧ ಕಿಲೊ, ಕಾಲು ಕಿಲೊ ಎಂಬುದು ಯಾರ ಹೆಸರಿನ ಮುಂದೆಯೂ ಇರಲಿಲ್ಲ. ನಿಂತುಕೊಳ್ಳಲಾಗದ ಮನುಷ್ಯನನ್ನು ನಿಂತು ತೂಗುವ ಯಂತ್ರದ ಮೇಲೆ ತೂಗಿದ್ದು ಹೇಗೆ ಎಂದು ಮಗಳು ಕೇಳಿದಾಗ ಉತ್ತರ ಬರಲಿಲ್ಲ.

ಬೇರೆ ಚಿಹ್ನೆಗಳೂ ಇದ್ದವು. ಹಗಲೆಲ್ಲ ತೂಕಡಿಕೆ. ಬೆನ್ನಿನ ಕೆಳತುದಿಯಲ್ಲಿ ಅಂಗೈಯಗಲದ ಕಪ್ಪು-ಕೆಂಪು ಕಲೆ. ಸಕ್ಕರೆಯ ದಾಖಲೆಯಲ್ಲಿ ಒಂದು ದಿನ 340, ಇನ್ನೊಂದು ದಿನ 110. ಅದಾಗಿ ವಾರದೊಳಗೆ ಒಂದು ಬೆಳಿಗ್ಗೆ ಮೈಯೆಲ್ಲ ಬೆವೆತು ಮಾತು ತೊದಲತೊಡಗಿತು. ಸಕ್ಕರೆ 48ಕ್ಕೆ ಇಳಿದಿತ್ತು. ಗಾಬರಿಯಾದ ಆಯಾ ಸಕ್ಕರೆ ನೀರು ಕುಡಿಸಿದರು, ಅದು ನೆತ್ತಿಗೆ ಹತ್ತಿತು. ನುಂಗುವ ತೊಂದರೆ ಇರುವವರಿಗೆ, ಎಚ್ಚರವಿದ್ದಾಗ, ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯ ಗಟ್ಟಿ ಕಲಸನ್ನೋ ಸ್ವಲ್ಪ ಸ್ವಲ್ಪವಾಗಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಈ ಎರಡು ಮಾತು ಅಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಮಗ ಫೋನಿನಲ್ಲಿ, ಇವತ್ತೇ ಅಲ್ಲಿಂದ ಕರೆದುಕೊಂಡು ಬಾ ಅಕ್ಕ ಎಂದರು. ಮಗಳಿಗೆ ಹಿಂಜರಿಕೆ. ಮರೆವಿನವರಿಗೆ ಜಾಗ ಬದಲಾದರೆ ವಾರಗಟ್ಟಲೆ ಗೊಂದಲ ಹೆಚ್ಚುತ್ತದೆ, ಬೀಳುವುದೂ ಹೆಚ್ಚು. ತಂದೆಗೆ ಪಕ್ಕದ ಹಾಸಿಗೆಯ ಒಬ್ಬರೊಂದಿಗೆ ಒಡನಾಟ ಬೆಳೆದಿತ್ತು. ತಂದೆಯನ್ನೇ ಕೇಳಿದಾಗ ಇಲ್ಲೇ ಇರುತ್ತೇನೆ, ಬೆಳಿಗ್ಗೆ ಚಳಿ ಆಗುತ್ತೆ ಅಷ್ಟೇ ಎಂದಿದ್ದರು. ಆ ಚಳಿಯ ಮಾತನ್ನು ಆಗ ಯಾರೂ ಹಿಡಿದು ವಿಚಾರಿಸಲಿಲ್ಲ.

ಮೊದಲ ಎರಡು ಪ್ರಯತ್ನ

ಮೊದಲು ವಾಟ್ಸಾಪ್ ಗುಂಪಿನಲ್ಲಿ ದೂರು ಹಾಕಿದರು. ಕ್ಷಮೆ ಬಂತು, ದಿನಕ್ಕೊಂದಿದ್ದ ಫೋಟೊ ಮೂರಾಯಿತು, ಬೇರೇನೂ ಬದಲಾಗಲಿಲ್ಲ. ನಂತರ ತಿಂಗಳಿಗೆ 18,000 ಕೊಟ್ಟು ತಂದೆಗೆಂದೇ ಹಗಲು ಪಾಳಿಗೆ ಒಬ್ಬ ಆಯಾಳನ್ನು ಇಟ್ಟರು. ಕುಟುಂಬಗಳು ಸಾಮಾನ್ಯವಾಗಿ ಮಾಡುವ ಏರ್ಪಾಡು ಇದು, ಮೇಲ್ನೋಟಕ್ಕೆ ಸರಿಯಾಗಿಯೂ ಕಾಣುತ್ತದೆ. ಇಲ್ಲಿ ಆದದ್ದೇ ಬೇರೆ. ಅವರಿಗೆ ಸ್ವಂತ ಆಯಾ ಇದ್ದಾರಲ್ಲ ಎಂದು ಕೇಂದ್ರದ ಸಿಬ್ಬಂದಿ ಆ ಹಾಸಿಗೆಯ ಕಡೆ ನೋಡುವುದನ್ನೇ ಬಿಟ್ಟರು. ಆಯಾ ಸಂಜೆ 6ಕ್ಕೆ ಹೊರಟ ಮೇಲೆ ಬೆಳಗಿನವರೆಗೆ ಅದು ಯಾರಿಗೂ ಸೇರದ ಹಾಸಿಗೆಯಾಯಿತು. ಮೂರು ವಾರದಲ್ಲಿ ಬೆನ್ನಿನ ಕಲೆ ಇನ್ನಷ್ಟು ಹರಡಿತು.

ಮೂರನೆಯದು: ಹೊತ್ತು ಬದಲಿಸಿ ನೋಡುವುದು

ಇಲ್ಲಿಂದ ಪ್ರಕರಣ ದಿಕ್ಕು ಬದಲಿಸಿತು. ಮಗಳು ನಿವೃತ್ತ ವಾರ್ಡ್ ಸಿಸ್ಟರ್ ಒಬ್ಬರನ್ನೂ ಫಿಸಿಯೋಥೆರಪಿಸ್ಟ್ ಒಬ್ಬರನ್ನೂ ಜೊತೆಗೆ ಕರೆದುಕೊಂಡರು. ಕರಾರು ಪತ್ರದಲ್ಲಿ ಭೇಟಿಯ ಹೊತ್ತು ಬೆಳಿಗ್ಗೆ 10ರಿಂದ 12, ಸಂಜೆ 4ರಿಂದ 6 ಎಂದಿತ್ತು. ಊಟದ ಹೊತ್ತು, ಸ್ನಾನದ ಹೊತ್ತು, ರಾತ್ರಿ ಮೂರೂ ಅದರ ಹೊರಗೇ ಉಳಿಯುತ್ತವೆ. ಹಾಗಾಗಿ ಮಧ್ಯಾಹ್ನದ ಊಟಕ್ಕೂ ಒಂದು ಬೆಳಗಿನ ಜಾವಕ್ಕೂ ಬರುತ್ತೇವೆಂದು ಲಿಖಿತವಾಗಿ ಕೇಳಿದರು. ಮಾಲೀಕರು ಮೂರು ದಿನ ತಡಮಾಡಿ ಒಪ್ಪಿದರು. ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿಯಬೇಕೆಂದು ಸಿಸ್ಟರ್ ಮೊದಲೇ ಹೇಳಿಟ್ಟಿದ್ದರು.

ಭಾನುವಾರ ಸಂಜೆ ಐದೂವರೆಗೆ, ಎಂದಿನ ಭೇಟಿಯ ಹೊತ್ತಿನಲ್ಲೇ, ಔಷಧದ ಚಾರ್ಟ್ ತೋರಿಸಿ ಎಂದರು. ರಾತ್ರಿ 9ರ ಮಾತ್ರೆಯ ಕಲಮಿನಲ್ಲಿ ಆಗಲೇ ಟಿಕ್ ಬಿದ್ದಿತ್ತು. ಸಿಸ್ಟರ್ ಚಾರ್ಟ್ ಮಡಚಿಟ್ಟು ಮಾತ್ರೆಯ ಸ್ಟ್ರಿಪ್‌ಗಳನ್ನು ಎಣಿಸಿದರು. ಬಿಲ್ಲಿನ ದಿನಾಂಕ, ಕೊಂಡ ಸಂಖ್ಯೆ, ದಿನಕ್ಕೆ ಎಷ್ಟು, ಉಳಿದದ್ದೆಷ್ಟು ಇಷ್ಟು ಗೊತ್ತಿದ್ದರೆ ಯಾರು ಬೇಕಾದರೂ ಮಾಡಬಹುದಾದ ಲೆಕ್ಕ. ಬಿ.ಪಿ. ಮಾತ್ರೆ 9 ಹೆಚ್ಚು ಉಳಿದಿತ್ತು, ಅಂದರೆ ಒಂಬತ್ತು ದಿನ ಕೊಟ್ಟಿರಲಿಲ್ಲ. ರಾತ್ರಿ ತೀರಾ ಗಲಾಟೆ ಮಾಡಿದರೆ ಮಾತ್ರ ಕೊಡಿ ಎಂದು ವೈದ್ಯರು ಬರೆದಿದ್ದ, ಮನೋವಿಕಾರಕ್ಕೆ ಕೊಡುವ ಆಂಟಿಸೈಕೋಟಿಕ್ ಗುಂಪಿನ ಕ್ವೆಟಿಯಾಪಿನ್ ಮಾತ್ರೆ ಪೂರಾ ಖಾಲಿಯಾಗಿತ್ತು, ಅದನ್ನು ದಿನವೂ ಕೊಟ್ಟಿದ್ದರು. ಹಗಲಿನ ತೂಕಡಿಕೆಯ ಮೂಲ ಇದೇ. ಮರೆವಿನ ಕಾಯಿಲೆಯಿರುವ ವೃದ್ಧರಲ್ಲಿ ಈ ಗುಂಪಿನ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ರಾತ್ರಿ ಪಾಳಿಯಲ್ಲಿ ಜನ ಕಡಿಮೆಯಿದ್ದಲ್ಲಿ ಆ ಕೊರತೆಯನ್ನು ಇಂಥ ಮಾತ್ರೆ ತುಂಬುತ್ತದೆ. ಆದ್ದರಿಂದ ಯಾವ ಕೇಂದ್ರದಲ್ಲಾದರೂ ನಿದ್ದೆಯ ಮಾತ್ರೆ ಎಷ್ಟು ಮಂದಿಗೆ ನಡೆಯುತ್ತಿದೆ ಎಂದು ಕೇಳಿದರೆ ರಾತ್ರಿ ಎಷ್ಟು ಸಿಬ್ಬಂದಿ ಇರುತ್ತಾರೆಂಬುದರ ಅಂದಾಜೂ ಸಿಗುತ್ತದೆ.

ಮಧ್ಯಾಹ್ನದ ಊಟದಲ್ಲಿ ತೂಕ ಇಳಿದದ್ದಕ್ಕೆ ಅರ್ಧ ಕಾರಣ ಕಂಡಿತು. ಒಬ್ಬ ಆಯಾ ನಾಲ್ವರನ್ನು ಸಾಲಾಗಿ ಕೂರಿಸಿ ಒಂದೇ ಚಮಚದಲ್ಲಿ ಸರದಿಯಂತೆ ಅನ್ನ-ಸಾರು ತಿನ್ನಿಸುತ್ತಿದ್ದರು. ಹಿರಿಯರಿಗೆ ಸಿಕ್ಕಿದ್ದು ಏಳು ನಿಮಿಷ. ಇಂಥವರಿಗೆ ಅರ್ಧ ಗಂಟೆಗೂ ಮೇಲೆ ಬೇಕು. ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಿ, ಬಾಯಲ್ಲಿದ್ದದ್ದು ನುಂಗಿದ್ದಾರೆಂದು ಖಚಿತವಾದ ಮೇಲೆ ಮುಂದಿನ ತುತ್ತು ಕೊಡಬೇಕು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ತಿಳಿಸಾರಿಗೆ ಕೆಮ್ಮು ಬರುತ್ತದೆಂದು ಕೇಂದ್ರದವರು ಸಾರು ಕಡಿಮೆ ಮಾಡಿದ್ದರು, ನೀರನ್ನೂ. ಬದಲಿಗೆ ನುಣ್ಣಗೆ ಹಿಸುಕಿದ ಮೊಸರನ್ನ, ರಾಗಿ ಗಂಜಿ, ಬೇಳೆ ಕಟ್ಟಿಗೆ ಕಲಸಿದ ಮೆತ್ತನೆ ಮುದ್ದೆ ಮಾಡಬಹುದಿತ್ತು. ನಮ್ಮ ಅಡುಗೆಯಲ್ಲೇ ಇರುವ ಗಟ್ಟಿ ಹದ ಇವೆಲ್ಲ. ಅಡುಗೆಯವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ರಾತ್ರಿ ಊಟ ಆರೂವರೆಗೆ, ಮರುದಿನದ ತಿಂಡಿ ಎಂಟೂವರೆಗೆ. ಸಂಜೆ ಇನ್ಸುಲಿನ್ ತೆಗೆದುಕೊಂಡವರು ಹದಿನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿರುತ್ತಿದ್ದರು.

ಬೆಳಗಿನ ಜಾವ ಐದೂವರೆಗೆ ಹೋದಾಗ ಚಳಿಯ ಮಾತಿನ ಅರ್ಥ ತಿಳಿಯಿತು. ಸ್ನಾನ ನಾಲ್ಕೂವರೆಗೇ ಶುರುವಾಗಿತ್ತು. ರಾತ್ರಿ ಪಾಳಿಯವರು ಎಂಟರೊಳಗೆ ಎಲ್ಲರ ಸ್ನಾನ ಮುಗಿಸಬೇಕೆಂಬ ಕಟ್ಟಳೆಯಿಂದ, ಬಟ್ಟೆ ಬಿಚ್ಚಿ ಟವೆಲ್ ಹೊದ್ದ ಮೂವರು ಬಚ್ಚಲ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಯುತ್ತ ಕೂತಿದ್ದರು. ಪಾಳಿಯ ಪಟ್ಟಿಯಲ್ಲಿ ಇಬ್ಬರ ಹೆಸರಿತ್ತು. ಎಚ್ಚರವಿದ್ದದ್ದು ಒಬ್ಬ ಹುಡುಗಿ ಮಾತ್ರ. ಇನ್ನೊಬ್ಬರು ಹಗಲು ಪಾಳಿಯನ್ನೂ ಮಾಡಿ ಮಲಗಿಬಿಟ್ಟಿದ್ದರು. ಎರಡು ಅಂತಸ್ತಿನ 28 ಜನಕ್ಕೆ ಒಬ್ಬರು. ಆ ಹುಡುಗಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅಷ್ಟು ಜನರನ್ನು ಒಬ್ಬರೇ ನೋಡಿಕೊಳ್ಳುವುದು ಯಾರಿಂದಲೂ ಆಗದು. ಆಕೆಗೆ ಕನ್ನಡವೂ ಬಾರದು. ಮರೆವು ಹೆಚ್ಚಾದಂತೆ ಹಿರಿಯರಿಗೆ ಉಳಿದಿದ್ದ ಭಾಷೆ ಕನ್ನಡವೊಂದೇ.

ಮಗ್ಗುಲು ಬದಲಿಸಿದ ಪಟ್ಟಿಯಲ್ಲಿ ರಾತ್ರಿ 10, 12, 2, 4 ಎಲ್ಲ ತುಂಬಿತ್ತು, ಒಂದೇ ಪೆನ್ನು, ಒಂದೇ ಕೈಬರಹ. ಹಿಂದಿನ ಗುರುವಾರದ ಸಹಿ ಯಾರದ್ದೆಂದು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದರೆ ಆ ವ್ಯಕ್ತಿ ಅಂದು ರಜೆ. ಬೆನ್ನಿನ ಕಲೆಯನ್ನು ಸಿಸ್ಟರ್ ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾಗಬೇಕಿತ್ತು, ಆಗಲಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ಏಳುವ ಒತ್ತಡದ ಹುಣ್ಣಿನ ಮೊದಲ ಹಂತ ಅದು. ನಮ್ಮ ಮೈಬಣ್ಣದಲ್ಲಿ ಈ ಕೆಂಪು ಸುಲಭಕ್ಕೆ ಕಾಣದು. ಅಂಗೈ ಹಿಂಭಾಗದಿಂದ ಮುಟ್ಟಿ, ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯಿದೆಯೇ, ಗಟ್ಟಿಯಿದೆಯೇ ನೋಡಬೇಕು. ಹುಣ್ಣಿಗೆ ಕಾರಣ ರಾತ್ರಿಯದ್ದಷ್ಟೇ ಆಗಿರಲಿಲ್ಲ. ಹಗಲಲ್ಲಿ ಎಂಟು ಗಂಟೆ ದಿಂಬಿಲ್ಲದ ವೀಲ್‌ಚೇರ್‌ನಲ್ಲಿ ಕೂರಿಸಿ, ಜಾರದಿರಲೆಂದು ಸೊಂಟಕ್ಕೆ ದುಪಟ್ಟಾ ಕಟ್ಟುತ್ತಿದ್ದರು. ಕಟ್ಟಿದವರ ಉದ್ದೇಶ ಕೆಟ್ಟದ್ದಿರಲಿಲ್ಲ. ಆದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲೂ ಸಿಬ್ಬಂದಿ ಕೊರತೆಯ ನೆಪದಲ್ಲಿ ರೋಗಿಯನ್ನು ಕಟ್ಟಿಹಾಕುವುದನ್ನು ನಿಷೇಧಿಸಿದೆ. ಒಂದು ಆರೈಕೆ ಮನೆ ಅದಕ್ಕಿಂತ ಕೆಳಗಿಳಿಯಬಾರದು.

ಸಿರಿಂಜು

ತಿರುವು ಸಿಕ್ಕಿದ್ದು ಫ್ರಿಜ್ಜಿನಲ್ಲಿ. ಇಡ್ಲಿ ಹಿಟ್ಟಿನ ಪಕ್ಕದಲ್ಲಿದ್ದ ತಟ್ಟೆಯಲ್ಲಿ ಏಳು ಜನರ ಇನ್ಸುಲಿನ್, ತೆರೆದ ದಿನಾಂಕ ಯಾವುದರ ಮೇಲೂ ಇಲ್ಲ. ಅದೇ ತಟ್ಟೆಯಲ್ಲಿ ಕೆಂಪು ಮುಚ್ಚಳದ ಸಿರಿಂಜುಗಳೂ ಕಿತ್ತಳೆ ಮುಚ್ಚಳದವೂ ಬೆರೆತಿದ್ದವು. ಭಾರತದಲ್ಲಿ ಇನ್ಸುಲಿನ್ ಬಾಟಲಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಯು-40ಕ್ಕೆ ಕೆಂಪು ಮುಚ್ಚಳದ ಸಿರಿಂಜು, ಯು-100ಕ್ಕೆ ಕಿತ್ತಳೆ. ಹಿರಿಯರ ಬಾಟಲಿ ಯು-40. ಅದನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿ.ಲೀ., ಅಂದರೆ 8 ಯೂನಿಟ್. ಕೈಗೆ ಸಿಕ್ಕ ಸಿರಿಂಜಿನ ಪ್ರಕಾರ ಒಂದು ದಿನ 8, ಒಂದು ದಿನ 20 ಹೋಗುತ್ತಿತ್ತು.

ಸಕ್ಕರೆ 340 ಎಂದು ಫೋನಿನಲ್ಲಿ ಕೇಳಿದ ವೈದ್ಯರು ಬೆಳಗಿನ ಪ್ರಮಾಣವನ್ನು 26ಕ್ಕೆ ಏರಿಸಿದ್ದರು. ಕಿತ್ತಳೆ ಸಿರಿಂಜಿನಲ್ಲಿ 26 ಎಂದರೆ ಹತ್ತು ಯೂನಿಟ್ಟಿನ ಆಸುಪಾಸು, ಆಗಲೂ ಸಕ್ಕರೆ ಇಳಿಯಲಿಲ್ಲ. ಆಮೇಲೊಂದು ದಿನ ಕೆಂಪು ಸಿರಿಂಜು ಕೈಗೆ ಬಂತು. ಪೂರ್ತಿ 26 ಯೂನಿಟ್ ಹೋಯಿತು. ಅದೂ ಬೆಳಿಗ್ಗೆ 6ಕ್ಕೆ. ಈ ಮಿಶ್ರ ಇನ್ಸುಲಿನ್ ಕೊಟ್ಟ ಅರ್ಧ ಗಂಟೆಗೆ ತಿಂಡಿ ಹೊಟ್ಟೆಯಲ್ಲಿರಬೇಕು, ಇಲ್ಲಿ ತಿಂಡಿಗೆ ಎರಡೂವರೆ ಗಂಟೆ ಬಾಕಿಯಿತ್ತು. 48 ಬಂದದ್ದು ಹೀಗೆ. ತೂಕ ಇಳಿದದ್ದರ ಉಳಿದರ್ಧ ಕಾರಣವೂ ಇಲ್ಲೇ ಇತ್ತು: ವಾರಗಟ್ಟಲೆ ಸಕ್ಕರೆ ಮೂತ್ರದಲ್ಲಿ ಹರಿದುಹೋದರೆ ತಿಂದದ್ದು ಮೈಗೆ ಹತ್ತದು. ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಭೀಕರ. ಯು-100 ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಆ ತಟ್ಟೆಯಲ್ಲಿ ಇಬ್ಬರ ಬಾಟಲಿ ಯು-100 ಆಗಿತ್ತು.

ಕಟ್ಟಡದ ಬಗ್ಗೆ ಚುಟುಕಾಗಿ. ಬಚ್ಚಲಿನಲ್ಲಿ ಹಿಡಿಕೆಯೆಂದು ಹಾಕಿದ್ದು ಟವೆಲ್ ರಾಡ್, ಜೋತುಬಿದ್ದರೆ ಕಿತ್ತು ಬರುವಂಥದ್ದು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುತ್ತಾರೆ. ಸೋಲಾರ್ ನೀರು ಬಿಸಿಲಿನ ದಿನ ಕೈ ಸುಡುವಷ್ಟಿರುತ್ತಿತ್ತು, ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂಬ ಕ್ರಮ ಇರಲಿಲ್ಲ. ಮೇಲಂತಸ್ತಿನ ಗ್ರಿಲ್ ಬಾಗಿಲಿಗೆ ರಾತ್ರಿ ಬೀಗ, ಕೀಲಿ ಕೆಳಗೆ ವಾಚ್‌ಮನ್ ಜೇಬಿನಲ್ಲಿ. ಬೆಂಕಿ ಆರಿಸುವ ಸಿಲಿಂಡರಿನ ತಪಾಸಣೆ ಚೀಟಿಯ ಅವಧಿ ಮುಗಿದಿತ್ತು. ಬೆಂಕಿ ಬಿದ್ದರೆ ಹಾಸಿಗೆ ಹಿಡಿದ ಒಂಬತ್ತು ಜನರನ್ನು ಮೆಟ್ಟಿಲಿಳಿಸುವುದು ಯಾರು ಎಂಬ ಪ್ರಶ್ನೆಗೆ ಮ್ಯಾನೇಜರ್ ಬಳಿ ಉತ್ತರವಿರಲಿಲ್ಲ.

ತೀರ್ಮಾನ ಮತ್ತು ನಂತರ

ಕಂಡದ್ದನ್ನೆಲ್ಲ ಕುಟುಂಬ ಮೂರು ಭಾಗ ಮಾಡಿತು: ಈ ಕ್ಷಣವೇ ನಿಲ್ಲಬೇಕಾದದ್ದು, ಹದಿನೈದು ದಿನದಲ್ಲಿ ಸರಿಯಾಗಬಹುದಾದದ್ದು, ಮಾಲೀಕರು ದುಡ್ಡು ಹಾಕದೆ ಸರಿಯಾಗದ್ದು. ಸಿರಿಂಜು ಮೊದಲನೆಯದು. ಊಟ, ತೂಕ, ದುಪಟ್ಟಾ, ಮಾತ್ರೆ ಎರಡನೆಯದು. ರಾತ್ರಿ ಸಿಬ್ಬಂದಿ, ಗ್ರಿಲ್ ಬಾಗಿಲು ಮೂರನೆಯದು. ಮೂರನೆಯದು ಒಂದು ತಿಂಗಳಲ್ಲಿ ಆಗದಿದ್ದರೆ ಹೊರಡುವುದೆಂದು ಅಕ್ಕ-ತಮ್ಮ ಮೊದಲೇ ನಿಶ್ಚಯಿಸಿಕೊಂಡರು. ಹೀಗೆ ಗಡುವು ಇಟ್ಟುಕೊಂಡದ್ದರಿಂದ ಮುಂದೆ ತಿಂಗಳುಗಟ್ಟಲೆ ಎಳೆದಾಡಬೇಕಾಗಲಿಲ್ಲ.

ಸಭೆಯಲ್ಲಿ ಮಾಲೀಕರ ಮೊದಲ ಮಾತು, ಬೇರೆ ಯಾರೂ ದೂರಿಲ್ಲವಲ್ಲ ಮೇಡಂ ಎಂದು. ಆದರೆ ಅಲ್ಲಿನ ಹಿರಿಯ ಸಿಸ್ಟರ್ ಎದ್ದುಹೋಗಿ ತಟ್ಟೆ ತಂದರು. ಏಳು ಜನಕ್ಕೆ ಏಳು ಡಬ್ಬಿ, ಹೆಸರು ಮತ್ತು ಬಣ್ಣ ಬರೆದು, ಬಾಟಲಿಗೆ ತಕ್ಕ ಸಿರಿಂಜನ್ನು ಅದರೊಳಗೇ ಇಟ್ಟರು. ವೈದ್ಯರು ಹಿರಿಯರ ಪ್ರಮಾಣವನ್ನು ಮತ್ತೆ 20ಕ್ಕೆ ಇಳಿಸಿ, ಎರಡು ವಾರದ ಸಕ್ಕರೆಯ ಅಳತೆಗಳನ್ನು ನೋಡಿ, ಬೇರೆ ಸಿರಿಂಜು ಬೇಡದ ಪೆನ್ ಇನ್ಸುಲಿನ್‌ಗೆ ಬದಲಿಸಿದರು. ತಿಂಡಿ ತಟ್ಟೆ ಕಣ್ಣಿಗೆ ಬಿದ್ದ ಮೇಲೆಯೇ ಇಂಜೆಕ್ಷನ್ ಎಂಬ ನಿಯಮ ಬಂತು. ಇನ್ಸುಲಿನ್‌ನವರಿಗೆ ಏಳೂವರೆಗೆ ತಿಂಡಿ, ರಾತ್ರಿ 9ಕ್ಕೆ ಒಂದು ಲೋಟ ರಾಗಿ ಗಂಜಿ. ವೀಲ್‌ಚೇರ್‌ಗೆ ದಿಂಬು ಬಂತು, ದುಪಟ್ಟಾ ಹೋಗಿ ಮುಂದೆ ಊಟದ ಮೇಜು ಬಂತು, ಗಂಟೆಗೊಮ್ಮೆ ಎತ್ತಿ ನಿಲ್ಲಿಸುವುದು ಶುರುವಾಯಿತು. ತೂಕವನ್ನು ಪ್ರತಿ ಭಾನುವಾರ ವೀಲ್‌ಚೇರ್ ಸಮೇತ ದಿನಸಿ ತೂಗುವ ತಟ್ಟೆ-ತಕ್ಕಡಿಯ ಮೇಲೆ ತೂಗಿ, ಕುರ್ಚಿಯ ತೂಕ ಕಳೆದು, ಮಗಳ ಎದುರಿಗೇ ಬರೆದರು. ಹತ್ತು ದಿನದಲ್ಲಿ ಬೆನ್ನಿನ ಕಲೆ ಮಾಸಿತು. ಆರು ವಾರಕ್ಕೆ ತೂಕ 56.8 ಆಯಿತು.

ಇಷ್ಟೆಲ್ಲ ನಿಂತದ್ದು ಕೇಂದ್ರದ ಆ ಒಬ್ಬ ಹಿರಿಯ ಸಿಸ್ಟರ್ ಮೇಲೆ. ಅವರು ಬೇರೆಡೆ ಕೆಲಸ ಸಿಕ್ಕಿ ಹೋದ ಮರುವಾರವೇ ತೂಕದ ಪುಸ್ತಕದಲ್ಲಿ ಮತ್ತೆ ಪೂರ್ಣಾಂಕಗಳು ಬಂದವು. ರಾತ್ರಿಗೆ ಇಬ್ಬರು ಎಂಬ ಮಾತನ್ನು ಮಾಲೀಕರು ಕೊಟ್ಟಿದ್ದರು. ಗಡುವು ಮುಗಿದ ಮೇಲೂ ಸ್ವಲ್ಪ ಕಾಯೋಣವೆಂದು ಎರಡು ವಾರ ಹೆಚ್ಚು ಕೊಟ್ಟು, ಒಂದು ರಾತ್ರಿ 11ಕ್ಕೆ ವೀಡಿಯೊ ಕರೆ ಮಾಡಿ ಎರಡೂ ಅಂತಸ್ತು ತೋರಿಸಿ ಎಂದಾಗ ಇದ್ದವರು ಮತ್ತೆ ಒಬ್ಬರೇ. ಅಲ್ಲಿಗೆ ಹೊರಡುವುದು ನಿಶ್ಚಯವಾಯಿತು.

ಹೊಸ ಜಾಗ 16 ಹಾಸಿಗೆಯದು, ಹಳೆಯ ಕಟ್ಟಡ, ಹಜಾರದಲ್ಲಿ ನೋಡುವಂಥದ್ದೇನೂ ಇಲ್ಲ. ಠೇವಣಿ ಕಟ್ಟುವ ಮುಂಚೆ ಹದಿನೈದು ದಿನದ ತಾತ್ಕಾಲಿಕ ವಾಸಕ್ಕೆ ಕೇಳಿದರು, ಒಪ್ಪಿದರು. ಹಿಂದಿನ ತಿಂಗಳ ಪಾಳಿ ಪಟ್ಟಿ ತೋರಿಸಿ ಎಂದಾಗ ತೋರಿಸಿದರು, ಅದರಲ್ಲಿ ರಜೆ, ಬದಲಿ ಎಲ್ಲ ಹೊಡೆದು ತಿದ್ದಿದ ಗುರುತುಗಳಿದ್ದವು. ಕಳೆದ ಆರು ತಿಂಗಳಲ್ಲಿ ಎಷ್ಟು ಜನ ಬಿದ್ದರು ಎಂಬ ಪ್ರಶ್ನೆಗೆ ಯಾರೂ ಬಿದ್ದಿಲ್ಲ ಎನ್ನಲಿಲ್ಲ. ಬಿದ್ದವರ ಪುಸ್ತಕ ತೆರೆದು ಯಾವ ಹೊತ್ತಿಗೆ, ಎಲ್ಲಿ, ಆಮೇಲೆ ಏನು ಬದಲಿಸಿದೆವು ಎಂದು ಓದಿದರು. ಜೊತೆಗೆ ಬಂದಿದ್ದ ನಿವೃತ್ತ ಸಿಸ್ಟರ್ ಅಲ್ಲೇ ಮಗಳಿಗೆ ಇದು ಸಾಕು ಎಂದರು.

ಸಾಗಿಸಿದ್ದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ವಾರದ ನಡುವೆ, ವೈದ್ಯರು ಸಿಗುವ ಹೊತ್ತಿಗೆ, ಕತ್ತಲಾಗುವ ಮುನ್ನ ಹೊಸ ಕೋಣೆ ಪರಿಚಯವಾಗಲು ಸಮಯವಿರುವಂತೆ. ಜೊತೆಗೆ ಒಂದು ಪುಟದ ಚೀಟಿ: ಔಷಧ, ಇನ್ಸುಲಿನ್ನಿನ ಬಗೆ, ಊಟದ ಹದ, ಕೂರಿಸುವ ರೀತಿ, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾರೆ, ಏನೆಂದು ಕರೆದರೆ ತಿರುಗಿ ನೋಡುತ್ತಾರೆ. ಹಳೆಯ ಕಂಬಳಿ, ರೇಡಿಯೊ ಜೊತೆಗೇ ಹೋದವು. ಮೊದಲ ಹನ್ನೆರಡು ದಿನ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ, ಒಮ್ಮೆ ಮಂಚದಿಂದ ಜಾರಿದರು. ಮಂಚ ತಗ್ಗಿಸಿದ್ದರಿಂದ ಪೆಟ್ಟಾಗಲಿಲ್ಲ. ನಾಲ್ಕನೇ ತಿಂಗಳಿಗೆ ತೂಕ 59.1. ಹಳೆಯ ಗೆಳೆಯರೊಂದಿಗೆ ವಾರಕ್ಕೊಮ್ಮೆ ಫೋನ್ ಹಚ್ಚಿಕೊಡುತ್ತಾರೆ.

ಹಳೆಯ ಕೇಂದ್ರದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಇನ್ನೂ ಆರು ಮಂದಿ ಉಳಿದಿದ್ದರು. ನಮ್ಮ ತಂದೆಯನ್ನು ಕರೆದುಕೊಂಡು ಬಂದಾಯಿತಲ್ಲ ಎಂದು ಕುಟುಂಬ ಸುಮ್ಮನಾಗಲಿಲ್ಲ, ಈ ಪ್ರಕರಣದಲ್ಲಿ ಅತ್ಯಂತ ಮೆಚ್ಚಬೇಕಾದ ನಡೆ ಅದು. ಸಿರಿಂಜಿನ ವಿಷಯವನ್ನು ಆ ಆರು ಕುಟುಂಬಗಳಿಗೂ ತಿಳಿಸಿದರು. ದಿನಾಂಕ, ಸಕ್ಕರೆಯ ಅಳತೆಗಳು, ತಟ್ಟೆಯ ಫೋಟೊ ಸೇರಿಸಿ ಮಾಲೀಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಪತ್ರ ಕೊಟ್ಟು ಸ್ವೀಕೃತಿ ಪಡೆದರು. ಬೇರೆ ಕುಟುಂಬಗಳಿಗೆ ಹಿರಿಯ ನಾಗರಿಕರ ಸಹಾಯವಾಣಿ 14567ರ ಸಂಖ್ಯೆಯನ್ನೂ ಕೊಟ್ಟರು. ಆರರಲ್ಲಿ ಮೂರು ಕುಟುಂಬ ತಾವೇ ಪೆನ್ ಕೊಂಡು ತಂದವು, ಒಂದು ಕುಟುಂಬ ತಾಯಿಯನ್ನು ಬೇರೆಡೆಗೆ ಕರೆದೊಯ್ಯಿತು, ಇನ್ನೆರಡು ಅಲ್ಲೇ ಉಳಿದು ಭಾನುವಾರದ ತೂಕವನ್ನು ಸರದಿಯ ಮೇಲೆ ಬಂದು ನೋಡತೊಡಗಿದವು.